ಪೇರ್, ಟ್ರಸ್ಟ್, ಕನೆಕ್ಟ್: ಎಲ್ಲಕ್ಕೂ ‘ಜೋಡಿಸು’ ಸಾಕೇ?

ಎಲ್ಲರಿಗೂ ನಮಸ್ಕಾರ.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ರೆಟ್ರೋಪೈ ಎಂಬ ಆಟದ ತಂತ್ರಾಂಶ ಹಾಕಿಕೊಂಡು ಹಳೆಯ ವಿಡಿಯೋ ಗೇಮ್ ಆಡುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಟಿವಿಗೆ ಸಿಕ್ಕಿಸಿ, ‘ಕ್ಯಾಸೆಟ್’ ಹಾಕಿ ಆಡಿದ ಕಾಲದವರು ಮತ್ತು ಅವರ ಮಕ್ಕಳು ಓದುತ್ತಾರೆ ಅಂತ ಲೆಕ್ಕ. ಬ್ಲೂಟೂತ್ ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಸಾಧನ) ಮತ್ತು ಕೀಲಿಮಣೆಯ ತೊಂದರೆಗಳ ಭಾಗದಲ್ಲಿ ಪದಗಳು ಕೈಕೊಡುತ್ತಿವೆ.

ಪೈಯಲ್ಲಿ ಓಡುವುದು ಲಿನಕ್ಸ್. ಅಲ್ಲಿ ಬ್ಲೂಟೂತ್ ನೋಡಿಕೊಳ್ಳಲು ಬ್ಲೂಟೂತ್‌ಸಿಟಿಎಲ್ ಎಂಬ ತಂತ್ರಾಂಶ ಇದೆ. ಅದರೊಳಗೆ ‘ಇನ್ಫೋ’ ಅಂತ ಹೊಡೆದು ಕಂಟ್ರೋಲರ್‌ನ ವಿಳಾಸ ಕೊಟ್ಟರೆ ಪೇರ್ಡ್, ಟ್ರಸ್ಟೆಡ್, ಕನೆಕ್ಟೆಡ್ ಅಂತ ಬೇರೆ ಬೇರೆ ಸಾಲು ಬರುತ್ತವೆ. ಒಂದೊಂದರ ಮುಂದೆಯೂ ‘ಎಸ್’ ಅಥವಾ ‘ನೋ’. ತೊಂದರೆ ಎಲ್ಲಿದೆ ಅನ್ನುವುದಕ್ಕೆ ಈ ಸಾಲುಗಳೇ ಸುಳಿವು. ಕನ್ನಡದಲ್ಲಿ ನಾವು ಪೇರ್‌ಗೂ ‘ಜೋಡಿಸು’, ಕನೆಕ್ಟ್‌ಗೂ ‘ಜೋಡಿಸು’ ಅಂದುಬಿಡುತ್ತೇವೆ. ‘ಜೋಡಿಸಲಾಗಿದೆ, ಆದರೆ ಜೋಡಣೆಯಾಗಿಲ್ಲ’ ಅಂತ ಬರೆದರೆ ಓದಿದವರು ತಲೆ ಕೆರೆದುಕೊಳ್ಳಬೇಕು, ಅಲ್ವಾ?

ಎರಡೂ ಬೇರೆ ಕೆಲಸ. ಪೇರ್ ಆಗುವಾಗ ಎರಡು ಕಡೆಯೂ ಒಂದು ಗುಟ್ಟಿನ ಸಂಖ್ಯೆಯನ್ನು ಒಪ್ಪಿಕೊಂಡು ಬರೆದಿಟ್ಟುಕೊಳ್ಳುತ್ತವೆ. ಕರೆಂಟು ಹೋದರೂ ಅದು ಉಳಿಯುತ್ತದೆ. ಕನೆಕ್ಟ್ ಅಂದರೆ ಈ ಹೊತ್ತಿನಲ್ಲಿ ಎರಡೂ ಮಾತಾಡುತ್ತಿವೆ ಅಂತ ಮಾತ್ರ.

ಪ್ಲೇಸ್ಟೇಷನ್ 4ರ ಕಂಟ್ರೋಲರ್ ನೋಡಿ. ಶೇರ್ ಗುಂಡಿ ಮತ್ತು ಪಿಎಸ್ ಗುಂಡಿ ಒಟ್ಟಿಗೆ ಒತ್ತಿ ಹಿಡಿದರೆ ದೀಪ ಬೇಗ ಬೇಗ ಮಿನುಗುತ್ತದೆ. ಆಗ ಅದನ್ನು ಪೈಗೆ ಪೇರ್ ಮಾಡಬಹುದು. ಅದಕ್ಕೆ ನೆನಪಿರುವುದು ಒಂದೇ ಯಂತ್ರ. ಮನೆಯಲ್ಲಿ ಯಾರಾದರೂ ಅದನ್ನು ಫೋನಿಗೆ ಪೇರ್ ಮಾಡಿದರೆ ಮುಗಿಯಿತು, ಕಂಟ್ರೋಲರ್‌ಗೆ ಪೈ ಮರೆತುಹೋಗುತ್ತದೆ. ಆದರೆ ಪೈ ಕಂಟ್ರೋಲರನ್ನು ಮರೆತಿರುವುದಿಲ್ಲ. ಅದರ ಪಟ್ಟಿಯಲ್ಲಿ ಇನ್ನೂ ‘ಪೇರ್ಡ್: ಎಸ್’. ಎಷ್ಟು ಸಲ ಕನೆಕ್ಟ್ ಕೊಟ್ಟರೂ ಆಗದು. ಪೈಯಲ್ಲಿ ರಿಮೂವ್ ಮಾಡಿ ಮೊದಲಿಂದ ಪೇರ್ ಮಾಡಬೇಕು. ‘ಜೋಡಿ’ ಅಂದಮೇಲೆ ಇಬ್ಬರೂ ಇರಬೇಕು. ಇಲ್ಲಿ ಒಂದು ಕಡೆ ಮಾತ್ರ ಉಳಿದಿದೆ.

ಅದಕ್ಕೇ ನನ್ನ ಒಲವು ‘ಗುರುತು’ ಕಡೆಗೆ. ಪೇರ್ ಮಾಡು ಅನ್ನುವುದಕ್ಕೆ ‘ಗುರುತು ಮಾಡಿಸು’. ‘ಪೈಗೆ ಕಂಟ್ರೋಲರ್‌ನ ಗುರುತಿದೆ, ಕಂಟ್ರೋಲರ್‌ಗೆ ಪೈಯ ಗುರುತಿಲ್ಲ’ ಅಂದರೆ ಮೇಲಿನ ಕತೆಯೆಲ್ಲ ಒಂದೇ ಸಾಲಿನಲ್ಲಿ ಬಂತು. ರಿಮೂವ್‌ಗೆ ‘ಗುರುತು ಅಳಿಸು’. ‘ಗುರುತು ಪರಿಚಯ ಇಲ್ಲದವರು’ ಅನ್ನುವ ಮಾತು ಹೇಗೂ ಇದೆ. ಕನೆಕ್ಟ್‌ಗೆ ‘ಜೋಡಿಸು’ ಇರಲಿ.

ಟ್ರಸ್ಟ್ ಇನ್ನೂ ಕಷ್ಟ. ‘ನಂಬು’ ಅಂತ ಬರೆದರೆ ಯಾರನ್ನು, ಯಾಕೆ ಅಂತ ಕೇಳಬೇಕು ಅನ್ನಿಸುತ್ತದೆ. ಕಂಟ್ರೋಲರ್ ತಾನಾಗಿ ಬಂದಾಗ ಕೇಳದೆ ಒಳಗೆ ಬಿಟ್ಟುಕೊಳ್ಳುವುದು ಇದರ ಕೆಲಸ. ಟ್ರಸ್ಟ್ ಮಾಡದಿದ್ದರೆ ಇವತ್ತು ಚೆನ್ನಾಗಿ ಆಡಿದ ಕಂಟ್ರೋಲರ್ ನಾಳೆ ಪೈ ಹಚ್ಚಿದಾಗ ತಾನಾಗಿ ಸೇರಿಕೊಳ್ಳದೆ ಹೋಗಬಹುದು. ಕೇಳದೆ ಅಡುಗೆಮನೆವರೆಗೂ ಬರುವವರಿಗೆ ನಮ್ಮಲ್ಲಿ ‘ಸಲಿಗೆ’ ಇದೆ ಅನ್ನುತ್ತಾರೆ. ‘ಸಲಿಗೆ ಕೊಡು’ ಸರಿಹೋಗುತ್ತದೆಯೇ? ಒಂದೇ ಅಳುಕು: ‘ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತಾನೆ’ ಅಂತ ಬೈಯಲೂ ಇದೇ ಪದ. ಧಾರವಾಡದ ಕಡೆ ‘ಸಲಿಗಿ’ ಅನ್ನುವಾಗ ಈ ಬೈಗುಳದ ಛಾಯೆ ಜಾಸ್ತಿಯೋ ಕಡಿಮೆಯೋ, ಆ ಕಡೆಯವರು ಹೇಳಬೇಕು.

ಕೀಲಿಮಣೆಯದು ಬೇರೆ ತಕರಾರು. ಬ್ಲೂಟೂತ್ ಕೀಲಿಮಣೆಯನ್ನು ಪೇರ್ ಮಾಡುವಾಗ ಸಾಮಾನ್ಯವಾಗಿ ಟಿವಿ ಪರದೆಯ ಮೇಲೆ 6 ಅಂಕಿ ಬರುತ್ತವೆ. ಅವನ್ನು ಹೊಸ ಕೀಲಿಮಣೆಯಲ್ಲೇ ಒತ್ತಿ ಎಂಟರ್ ಕೊಡಬೇಕು. ಪಕ್ಕದ ಯುಎಸ್‌ಬಿ ಕೀಲಿಮಣೆಯಲ್ಲಿ ಒತ್ತಿ ‘ಆಗ್ತಿಲ್ಲ’ ಅನ್ನುವವರು ಬಹಳ. ಈ ಅಂಕಿಗಳನ್ನು ‘ಪಾಸ್‌ಕೀ’ ಅನ್ನುತ್ತಾರೆ. ‘ಕೀ’ಗೆ ‘ಕೀಲಿ’ ಹಾಕಿದರೆ ‘ಕೀಲಿಮಣೆಯ ಕೀಲಿಗಳಿಂದ ಕೀಲಿ ಒತ್ತಿ’ ಅಂತಾಗುತ್ತದೆ! ಅದಕ್ಕೆ ಸುಮ್ನೆ ‘6 ಅಂಕಿ’ ಅಂತ ಬರೆದಿದ್ದೇನೆ. ಕಂಟ್ರೋಲರ್‌ನಲ್ಲಿ ಇರುವುದಕ್ಕೆ ‘ಗುಂಡಿ’, ಕೀಲಿಮಣೆಯಲ್ಲಿ ಇರುವುದಕ್ಕೆ ‘ಕೀಲಿ’. ಇದಕ್ಕೆ ಯಾರದೂ ಅಡ್ಡಿಯಿಲ್ಲ ಅಂದುಕೊಂಡಿದ್ದೇನೆ.

ಆಟದ ನಡುವೆ ಕಂಟ್ರೋಲರ್ ಬಿಟ್ಟುಹೋಗುವುದನ್ನು ‘ಕಟ್ ಆಗುವುದು’ ಅಂತಲೇ ಇಟ್ಟಿದ್ದೇನೆ. ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್‌ನ ರೇಡಿಯೋ ಅಲೆಗಳಲ್ಲಿ. ಪೈ 4ರ ನೀಲಿ ಯುಎಸ್‌ಬಿ 3 ಕಿಂಡಿಗೆ ಡಿಸ್ಕ್ ಹಾಕಿದರೆ, ಅದರಿಂದ ಅದೇ 2.4 ಗಿಗಾಹರ್ಟ್ಸ್ ಸುತ್ತ ಏಳುವ ಅಡ್ಡ ಅಲೆಗಳಿಂದಲೂ ಕಟ್ ಆಗಬಹುದು. ಡಿಸ್ಕನ್ನು ಉದ್ದ ಕೇಬಲ್ ಹಾಕಿ ದೂರ ಇಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ. ಈ ಅಡ್ಡ ಅಲೆಗಳಿಗೆ ‘ಗದ್ದಲ’ ಅಂತ ಬರೆದೆ. ಕಿವಿಗೆ ಕೇಳದ ಗದ್ದಲವೇ ಅಂತ ಒಬ್ಬ ಗೆಳೆಯ ಕೇಳಿದ. ‘ಗದ್ದಲ’ ಬಿಟ್ಟರೆ ‘ಅಡಚಣೆ’ ಇದೆ, ಆದರೆ ಅದು ಕಚೇರಿಯ ಕಾಗದದ ಹಾಗೆ ಕೇಳಿಸುತ್ತದೆ. ‘ಸಲಿಗೆ’ ಮತ್ತು ‘ಗದ್ದಲ’, ಈ ಎರಡರ ಬಗ್ಗೆ ಮುಖ್ಯವಾಗಿ ನಿಮ್ಮ ಮಾತು ಬೇಕು.