ಕಾಖೇತಿಯ ಹಳೆಯ ವೈನ್‌ಮನೆ ನೋಡಲು ಹೊರಟವರಿಗೆ: ಹೋಗಿಬಂದವರ ಅನುಭವ

ಕೇಳಿದವರು: ಅಕ್ಟೋಬರ್ ಮೊದಲ ವಾರದಲ್ಲಿ ತಂದೆ ತಾಯಿಯವರೊಂದಿಗೆ ಜಾರ್ಜಿಯಾಕ್ಕೆ ಹೊರಟಿದ್ದೇನೆ. ರಾಜಧಾನಿ ತ್ಬಿಲಿಸಿಯಿಂದ ಒಂದು ದಿನದ ಮಟ್ಟಿಗೆ, ದ್ರಾಕ್ಷಿತೋಟಗಳಿಗೆ ಹೆಸರಾದ ಪೂರ್ವದ ಸೀಮೆ ಕಾಖೇತಿಗೆ ಹೋಗಿ, ವಸ್ತುಸಂಗ್ರಹಾಲಯವಾಗಿರುವ ಹಳೆಯ ವೈನ್‌ಮನೆಯೊಂದನ್ನು ನೋಡುವ ಆಸೆಯಿದೆ. ಅಲ್ಲಿನ ಹಳ್ಳಿಗಳಲ್ಲಿ ವೆಲಿಸ್ತ್ಸಿಖೆಗೆ ಹೋಗುವುದೋ ತ್ಸಿನಾಂದಾಲಿಗೋ ತಿಳಿಯದಾಗಿದೆ. ತಂದೆಯವರು ಮದ್ಯ ಮುಟ್ಟಿದವರಲ್ಲ, ಅವರಿಗೆ ಬೇಸರವಾಗುವುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ: ಒಂದನ್ನೇ ಆರಿಸಬೇಕಾದರೆ ವೆಲಿಸ್ತ್ಸಿಖೆಗೆ ಹೋಗಿ. ಅಲ್ಲಿನ ನುಮಿಸಿ ಎಂಬ ವೈನ್‌ಮನೆ 16ನೇ ಶತಮಾನದ್ದು. ಮೆಟ್ಟಿಲಿಳಿದು ಹೋಗುವ ಕತ್ತಲ ಕೋಣೆಯನ್ನು ಕಲ್ಪಿಸಿಕೊಂಡು ಹೋಗಿದ್ದ ನನಗೆ, ಮರಾನಿಯಲ್ಲಿ (ವೈನ್‌ಮನೆಗೆ ಅವರ ಮಾತು ಅದೇ) ನೆಲದೊಳಗೆ ಹುಗಿದಿರುವುದು ಮಡಕೆಗಳೆಂಬುದು ಅಲ್ಲಿ ನಿಂತ ಮೇಲೆಯೇ ಅರ್ಥವಾಯಿತು. ಕಾಲ ಕೆಳಗೆ ಕಾಣುವುದು ದುಂಡು ಬಾಯಿಗಳು ಮಾತ್ರ. ಒಳಗೆ ಆಳೆತ್ತರವನ್ನು ಮೀರುವ, ಮೊಟ್ಟೆಯಾಕಾರದ ಕ್ವೆವ್ರಿ ಎಂಬ ಹರವಿಗಳಿರುತ್ತವೆ. ಒಳಮೈಗೆ ಜೇನುಮೇಣ ಸವರಿರುತ್ತಾರೆ.

ದ್ರಾಕ್ಷಿಯನ್ನು ಮರದ ದಿಮ್ಮಿ ಕೊರೆದು ಮಾಡಿದ ಭಾರಿ ಮರಿಗೆಯಲ್ಲಿ ಕಾಲಿನಿಂದ ತುಳಿದು, ರಸದೊಡನೆ ಸಿಪ್ಪೆ, ಬೀಜ, ತೊಟ್ಟುಗಳನ್ನೂ ಕ್ವೆವ್ರಿಗೆ ಸುರಿಯುವುದು ಕಾಖೇತಿಯ ಕ್ರಮ. ಹುದುಗನ್ನು ಹೊರಗಿನಿಂದ ಹಾಕುವುದಿಲ್ಲ; ಹಣ್ಣಿನ ಮೈಮೇಲಿರುವುದೇ ಸಾಕು. ಉಕ್ಕಿ ಮೇಲೇಳುವ ಸಿಪ್ಪೆಯನ್ನು ದಿನಕ್ಕೆ ಹಲವು ಸಲ ಕೋಲಿನಿಂದ ಒಳಗೆ ಅದುಮುತ್ತಾರೆ. ಉಕ್ಕು ಅಡಗಿದ ಮೇಲೆ ಕಲ್ಲಿನ ಮುಚ್ಚಳವಿಟ್ಟು, ಸಂದಿಗೆ ಜೇಡಿಮಣ್ಣು ಮೆತ್ತಿ, ಐದಾರು ತಿಂಗಳು ಮುಟ್ಟದೆ ಬಿಡುತ್ತಾರೆ. ಬೀಜಗಳು ಚೂಪಾದ ತಳಕ್ಕೆ ಸೇರಿ, ಅವುಗಳ ಮೇಲೆ ಸಿಪ್ಪೆ ಕೂತುಬಿಡುವುದರಿಂದ ಬೀಜದ ಕಹಿ ಹೆಚ್ಚು ಬಿಟ್ಟುಕೊಳ್ಳುವುದಿಲ್ಲವಂತೆ. ಬಿಳಿ ದ್ರಾಕ್ಷಿಯಾದ ರ್ಕತ್ಸಿತೆಲಿಯೂ ಹೀಗೆ ಸಿಪ್ಪೆಯೊಡನೆ ಕೂತು ಜೇನಿನ ಬಣ್ಣಕ್ಕೆ ತಿರುಗಿ, ಚಹಾದಂತೆ ಒಗರಾಗುತ್ತದೆ. ಮೊದಲ ಗುಟುಕು ನನಗೆ ಹಿಡಿಸಲಿಲ್ಲ, ಮೂರನೆಯದು ಹಿಡಿಸಿತು.

ಅಕ್ಟೋಬರ್ ಆರಂಭ ಸಾಮಾನ್ಯವಾಗಿ ದ್ರಾಕ್ಷಿ ಸುಗ್ಗಿಯ ಕಾಲ. ಆದ್ದರಿಂದ ವಸ್ತುಸಂಗ್ರಹಾಲಯವೊಂದನ್ನೇ ನೋಡಿ ಹಿಂದಿರುಗದೆ, ಅದೇ ದಿನ ಹಳ್ಳಿಯಲ್ಲಿ ಈಗಲೂ ವೈನ್ ಮಾಡುವ ಮನೆಯೊಂದರ ಮರಾನಿಯನ್ನೂ ಕೇಳಿಕೊಂಡು ನೋಡಬೇಕು. ಖಾಲಿ ಕ್ವೆವ್ರಿ ನೋಡಿದವರಿಗೆ ಅರ್ಧ ವಿಷಯ ಮಾತ್ರ ತಿಳಿಯುತ್ತದೆ. ಹುದುಗುತ್ತಿರುವ ಕ್ವೆವ್ರಿಯ ಪಕ್ಕ ನಿಂತು ಕಿವಿಗೊಟ್ಟರೆ ಹೆಂಚಿನ ಮೇಲೆ ಸೋನೆಮಳೆ ಬಿದ್ದಂಥ ಸದ್ದು ಕೇಳುತ್ತದೆ.

ಎರಡನೆಯ ಉತ್ತರ: ನಾನು ಗದಗಿನವನು, ಕುಡಿಯುವವನೂ ಅಲ್ಲ. ಆದರೂ ಕ್ವೆವ್ರಿಯ ಬಾಯಿ ಕಂಡ ಕೂಡಲೇ ನಮ್ಮಜ್ಜನ ಮನೆಯ ಮುಂದೆ ಜೋಳ ತುಂಬಿಡುತ್ತಿದ್ದ ಹಗೇವು ನೆನಪಾಯಿತು. ದೊಡ್ಡ ಕ್ವೆವ್ರಿಯನ್ನು ತೊಳೆಯಲು ಮನುಷ್ಯನೇ ಒಳಗೆ ಇಳಿಯುತ್ತಾನೆಂದೂ, ಒಳಗಿನ ಗಾಳಿ ಕೆಟ್ಟಿದ್ದರೆ ಜೀವಕ್ಕೆ ಅಪಾಯವೆಂದೂ ಅಲ್ಲಿಯವರು ಹೇಳಿದಾಗ, ಹಗೇವು ತೆಗೆದ ಕೂಡಲೇ ಇಳಿಯಬೇಡವೆಂದು ಅಜ್ಜ ಗದರುತ್ತಿದ್ದುದು ಕಿವಿಯಲ್ಲಿ ಮೊಳಗಿತು. ನಿಮ್ಮ ತಂದೆಯವರಿಗೆ ಹೊಲಮನೆಯ ನೆನಪಿದ್ದರೆ ಬೇಸರದ ಮಾತೇ ಇಲ್ಲ. ವೈನ್ ಮೊಗೆಯಲು ಉದ್ದ ಕೋಲಿಗೆ ಸಿಕ್ಕಿಸಿದ ಸೋರೆಬುರುಡೆ, ಒಳಗೋಡೆ ಉಜ್ಜಲು ಚೆರಿ ಮರದ ತೊಗಟೆಯ ಪದರಗಳನ್ನು ಪೋಣಿಸಿದ ಕುಂಚ, ಇಂಥವನ್ನು ಅವರಿಗೆ ತಪ್ಪದೆ ತೋರಿಸಿ. ರುಚಿ ನೋಡುವ ಹೊತ್ತಿನಲ್ಲಿ ಅವರಿಗಾಗಿ ಚುರ್ಚ್‌ಖೇಲಾ ಕೇಳಿ: ಅಕ್ರೋಟನ್ನು ದಾರಕ್ಕೆ ಪೋಣಿಸಿ, ಹಿಟ್ಟು ಹಾಕಿ ಕುದಿಸಿದ ದ್ರಾಕ್ಷಿರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದ ತಿನಿಸು ಅದು. ಹೊರಗಿನ ಪದರ ಗಟ್ಟಿಯಾದ ಹಾಲುಬಾಯಿಯಂತಿರುತ್ತದೆ.

ಮೂರನೆಯ ಉತ್ತರ: ಮೇಲಿನವರು ತ್ಸಿನಾಂದಾಲಿಯನ್ನು ಪೂರ್ತಿ ಬದಿಗೆ ಸರಿಸಿದ್ದು ಸರಿಯಲ್ಲ. ಅದು ಕವಿ, ಸಿರಿವಂತ ಅಲೆಕ್ಸಾಂದರ್ ಚಾವ್ಚಾವಾದ್ಜೆಯ ತೋಟದ ಮನೆ. ಯೂರೋಪಿನ ಪದ್ಧತಿಯಲ್ಲಿ ವೈನ್ ಮಾಡಿ ಬಾಟಲಿಗೆ ತುಂಬುವುದನ್ನು ಅಲ್ಲಿಗೆ ತಂದವನು ಆತ. ಅಲ್ಲಿನ ಸಂಗ್ರಹದಲ್ಲಿ ಸಪೆರಾವಿ ಎಂಬ ಕೆಂಪು ದ್ರಾಕ್ಷಿಯ 1841ರ ವೈನ್ ಬಾಟಲಿಯಿದೆ. 1854ರಲ್ಲಿ, ಕಾಕಸಸ್ ಬೆಟ್ಟಗಳಲ್ಲಿ ರಷ್ಯಾದ ವಿರುದ್ಧ ಹೋರಾಡುತ್ತಿದ್ದ ಇಮಾಮ್ ಶಮೀಲನ ಕಡೆಯವರು ಇದೇ ಮನೆಯ ಮೇಲೆ ದಾಳಿಮಾಡಿ ಹೆಂಗಸರನ್ನೂ ಮಕ್ಕಳನ್ನೂ ಸೆರೆಹಿಡಿದು ಒಯ್ದಿದ್ದರು. ಮರುವರ್ಷ, ರಷ್ಯನ್ನರು ತಮ್ಮ ಬಳಿಯಿದ್ದ ಶಮೀಲನ ಮಗನನ್ನು ಹಿಂದಿರುಗಿಸಿದ ಮೇಲೆ ಅವರ ಬಿಡುಗಡೆಯಾಯಿತು. ಆದರೆ ಕ್ವೆವ್ರಿಯ ಪದ್ಧತಿಯನ್ನು ತಿಳಿಯುವುದೇ ನಿಮ್ಮ ಉದ್ದೇಶವಾಗಿದ್ದರೆ ವೆಲಿಸ್ತ್ಸಿಖೆಯೇ ಮೊದಲಾಗಲಿ, ಇದು ಮಧ್ಯಾಹ್ನಕ್ಕಿರಲಿ. ಎರಡೂ ತೆಲಾವಿ ಪಟ್ಟಣದ ಸುತ್ತಿನಲ್ಲೇ ಇರುವುದರಿಂದ ಒಂದೇ ದಿನದಲ್ಲಿ ಆಗುತ್ತವೆ.

ನಾವು ಮಾಡಿದ ತಪ್ಪನ್ನು ಮಾತ್ರ ಮಾಡಬೇಡಿ. ಒಂದು ಪ್ರವಾಸ ಸಂಸ್ಥೆಯ ವ್ಯಾನಿನಲ್ಲಿ ಹೋಗಿ, ಒಂದೇ ದಿನದಲ್ಲಿ ಐದು ಕಡೆ ಸುತ್ತಿ, ಮರಾನಿಯಲ್ಲಿ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಅದರಲ್ಲಿ ಹದಿನೈದು ನಿಮಿಷ ಅಂಗಡಿಯ ಮುಂದೆಯೇ ಕಳೆಯಿತು. ಸ್ವಂತಕ್ಕೆ ಕಾರು ಗೊತ್ತುಮಾಡಿಕೊಂಡು, ಚಾಲಕರನ್ನೂ ಜೊತೆಗಿಟ್ಟುಕೊಳ್ಳಿ. ಚಾಚಾ ಎಂದು ಚಿಕ್ಕ ಲೋಟದಲ್ಲಿ ಕೊಡುವುದು ವೈನ್ ಅಲ್ಲ, ಹಿಂಡಿ ಉಳಿದ ಸಿಪ್ಪೆಯಿಂದ ಬಟ್ಟಿ ಇಳಿಸಿದ ಕಡು ಸಾರಾಯಿ. ಅದು ಬೇಡವಾದರೆ ಲೋಟದ ಮೇಲೆ ಅಂಗೈ ಮುಚ್ಚಿ ನಕ್ಕುಬಿಡಿ; ನಮ್ಮ ತಾಯಿಯವರು ಹಾಗೆಯೇ ಮಾಡಿದರು, ಮನೆಯೊಡತಿ ಅವರ ಮುಂದೆ ಒಂದು ತಟ್ಟೆ ದ್ರಾಕ್ಷಿ ತಂದಿಟ್ಟರು.