ಅಪ್‌ಡೇಟ್: ಫೋಟೋದಲ್ಲಿ ಬರ್ತಿದ್ದ ಕಪ್ಪು ಚುಕ್ಕೆಗಳು

ಹೋದ ವಾರ ಕೇಳಿದ್ದೆನಲ್ಲ, ರಂಗನತಿಟ್ಟಿನಲ್ಲಿ 18-55 ಲೆನ್ಸ್ ತೆಗೆದು, ದೂರದ್ದನ್ನು ಹತ್ತಿರ ತೋರಿಸುವ 55-250 ಲೆನ್ಸ್ ಹಾಕಿದ ಮೇಲೆ ಆಕಾಶದ ಫೋಟೋಗಳಲ್ಲಿ ಒಂದೇ ಜಾಗದಲ್ಲಿ ಮೂರು ಚುಕ್ಕೆ ಬರ್ತಿವೆ, ಸೆನ್ಸರ್ (ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಚಿಪ್) ಹಾಳಾಯ್ತಾ ಅಂತ. ಹಾಳಾಗಿಲ್ಲ, ಬರೀ ಧೂಳು.

ನೀವು ಹೇಳಿದಂತೆ ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಕಿರಿದು ಮಾಡಿ, ಫೋಕಸ್ ಕೆಡಿಸಿ ಬಿಳಿ ಗೋಡೆ ತೆಗೆದೆ. ಮೂರಲ್ಲ, ಐದು! ಕಿಂಡಿ ಅಗಲ ಇರುವ ಎಫ್/5.6ರಲ್ಲಿ ಒಂದೂ ಕಾಣಲ್ಲ. ಲೆನ್ಸ್ ಬದಲಿಸಿದರೂ ಚುಕ್ಕೆ ಅಲ್ಲೇ, ಅಂದರೆ ಧೂಳು ಕೂತಿದ್ದು ಲೆನ್ಸ್ ಮೇಲಲ್ಲ, ಸೆನ್ಸರ್ ಮೇಲೆ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಲೆನ್ಸ್ ತೆಗೆದು, ಸೆನ್ಸರಿಗೆ ಅಡ್ಡ ಇರುವ ಒಳಗಿನ ಕನ್ನಡಿಯನ್ನು ಮೆನುವಿನಿಂದ ಮೇಲೆತ್ತಿಸಿ, ಕ್ಯಾಮೆರಾ ಬಾಯಿ (ಲೆನ್ಸ್ ಕೂರುವ ತೂತು) ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಊದಿದೆ. ನಾಲ್ಕು ಹೋದವು. (ಬಾಯಲ್ಲೇ ಊದು ಅಂದಿದ್ದರು ನಮ್ಮ ಭಾವ. ಕೇಳಿದ್ದರೆ ಎಂಜಲ ಹನಿಯೂ ಸೇರುತ್ತಿತ್ತು.) ಐದನೆಯದು ಜಿಗುಟು. ಸ್ವಾಬ್ (ಸೆನ್ಸರ್ ಒರೆಸುವ ಕಡ್ಡಿ) ಹಾಕಿ ಒರೆಸುವ ಧೈರ್ಯ ನನಗಿಲ್ಲ, ಶನಿವಾರ ರಿಪೇರಿ ಅಂಗಡಿಗೆ ಕೊಡ್ತೀನಿ.

ತಪ್ಪು ನನ್ನದೇ. ಗಾಳಿಗೆ ಎದುರು ನಿಂತು, ಕ್ಯಾಮೆರಾ ಆಫ್ ಕೂಡ ಮಾಡದೆ, ಅದರ ಬಾಯಿ ಮೇಲೆ ಮಾಡಿಕೊಂಡೇ ಲೆನ್ಸ್ ಬದಲಿಸಿದ್ದೆ. ಲೆನ್ಸಿನ ಹಿಂದಿನ ಕ್ಯಾಪ್ ಪ್ಯಾಂಟ್ ಜೇಬಿನಲ್ಲಿತ್ತು. ಅದೇ ಜೇಬಿನಲ್ಲಿ ಕಡಲೆಕಾಯಿ ಸಿಪ್ಪೆಯೂ ಇತ್ತು.