ನೆಲದಡಿಯ ಹೀಟಿಂಗ್: ಕಾಲಿಗೆ ಬಿಸಿ ತಾಗುವುದಿಲ್ಲ, ಬಿಲ್ಲು ಮಾತ್ರ ಏರುತ್ತಿದೆ

ಪ್ರಶ್ನೆ

ಕಳೆದ ಆಗಸ್ಟ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಹೊಸ ಮನೆಗೆ ಬಂದೆವು. ಹೊರಗಾಳಿಯಿಂದ ಶಾಖ ಎಳೆದುಕೊಳ್ಳುವ ಹೀಟ್ ಪಂಪ್ ಕಾಯಿಸಿದ ನೀರು ಇಲ್ಲಿ ನೆಲದಡಿಯ ಕೊಳವೆಗಳಲ್ಲಿ ಹರಿಯುತ್ತದೆ. ಹಿಂದಿನ ಬಾಡಿಗೆ ಮನೆಯಲ್ಲಿ ರೇಡಿಯೇಟರ್ ಮುಟ್ಟಿದರೆ ಕೈ ಸುಡುತ್ತಿತ್ತು; ಇಲ್ಲಿ ಬರಿಗಾಲಿಟ್ಟರೂ ಬಿಸಿ ಗೊತ್ತಾಗುವುದಿಲ್ಲ. ಹಾಗಾಗಿ ನೀರಿನ ಉಷ್ಣಾಂಶವನ್ನು 45 ಡಿಗ್ರಿಗೆ ಏರಿಸಿ, ಖರ್ಚು ಉಳಿಯಲೆಂದು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೀಟಿಂಗ್ ಆರಿಸುತ್ತಿದ್ದೇನೆ. ಬೆಳಿಗ್ಗೆ ಕೋಣೆಗಳು ತಣ್ಣಗಿರುತ್ತವೆ, ಮಧ್ಯಾಹ್ನ ಬಿಸಿಲು ಬಿದ್ದರೆ ಸೆಕೆಯಾಗಿ ಕಿಟಕಿ ತೆರೆಯಬೇಕಾಗುತ್ತದೆ. ಧಾರವಾಡದಿಂದ ಬಂದಿರುವ ಅಮ್ಮ ಕಾಲು ಕೊರೆಯುತ್ತದೆಂದು ದಪ್ಪ ಜಮಖಾನೆಯನ್ನು ಹಾಲ್ ತುಂಬ ಹಾಸಿದ್ದಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1

ನೆಲ ಬಿಸಿಯಾಗಿರಬೇಕು ಎಂಬ ನಿರೀಕ್ಷೆಯಲ್ಲೇ ತೊಡಕಿದೆ. ಜನ ಓಡಾಡುವ ಜಾಗದಲ್ಲಿ ನೆಲದ ಮೇಲ್ಮೈ 29 ಡಿಗ್ರಿ ದಾಟಬಾರದೆಂದು ಯುರೋಪಿನ ಇಎನ್ 1264 ಮಾನದಂಡವೇ ಹೇಳುತ್ತದೆ; ಶಾಖ ಸೋರದಂತೆ ಚೆನ್ನಾಗಿ ಇನ್ಸುಲೇಶನ್ ಮಾಡಿದ ಹೊಸ ಮನೆಗೆ 23–24 ಡಿಗ್ರಿಯೇ ಸಾಕು, ಅದು ಅಂಗಾಲಿಗಿಂತ ತಂಪಾದ್ದರಿಂದ ಕಾಲಿಗೆ ಬಿಸಿ ಎನಿಸುವುದಿಲ್ಲ. ನೆಲವು ಕೋಣೆಯ ಗಾಳಿಗಿಂತ ಒಂದು ಡಿಗ್ರಿ ಹೆಚ್ಚಿದ್ದರೆ ಪ್ರತಿ ಚದರ ಮೀಟರಿಗೆ ಸುಮಾರು 10 ವಾಟ್ ಶಾಖ ಹೊರಬರುತ್ತದೆ. ಅಂದರೆ 20 ಡಿಗ್ರಿಯ ಕೋಣೆಯಲ್ಲಿ 24 ಡಿಗ್ರಿಯ ನೆಲ 40 ವಾಟ್ ಕೊಡುತ್ತದೆ. ಬಿಸಿಲಿಗೆ ಕೋಣೆ 22ಕ್ಕೆ ಏರಿದರೆ, ಯಾರೂ ಏನನ್ನೂ ತಿರುಗಿಸದೆ, ಅದು ಅರ್ಧಕ್ಕಿಳಿಯುತ್ತದೆ. ನೀರನ್ನು 45ಕ್ಕೆ ಏರಿಸಿ ನೆಲವನ್ನು ಹೆಚ್ಚು ಕಾಯಿಸಿದಿರಾದರೆ ಈ ಗುಣ ಮಂಕಾಗುತ್ತದೆ. ನಿಮ್ಮ ಮಧ್ಯಾಹ್ನದ ಸೆಕೆಗೆ ಕಾರಣ ಅದೇ.

ಖರ್ಚಿನ ಮಾತಿಗೆ ಬಂದರೆ, ನೀರಿನ ಉಷ್ಣಾಂಶವನ್ನು ಒಂದು ಡಿಗ್ರಿ ಇಳಿಸಿದರೆ ಹೀಟ್ ಪಂಪ್ ಬಳಸುವ ವಿದ್ಯುತ್ ಸುಮಾರು ಶೇ. 2ರಿಂದ 2.5ರಷ್ಟು ಕಡಿಮೆಯಾಗುತ್ತದೆ. ಮೊದಲು ಎಲ್ಲ ಕೋಣೆಗಳ ಥರ್ಮೋಸ್ಟಾಟ್‌ಗಳನ್ನು ಪೂರ್ತಿ ತೆರೆದಿಡಿ. ಹೊರಗಿನ ಚಳಿಗೆ ತಕ್ಕಂತೆ ನೀರಿನ ಬಿಸಿಯನ್ನು ನಿರ್ಧರಿಸುವ ಹೀಟಿಂಗ್ ಕರ್ವನ್ನು ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸುತ್ತ ಹೋಗಿ, ಅತಿ ತಣ್ಣನೆಯ ಕೋಣೆಗೆ ಸಾಕೆನಿಸುವಲ್ಲಿ ನಿಲ್ಲಿಸಿ. ಆಮೇಲೆ ಹೆಚ್ಚು ಬಿಸಿಯಾಗುವ ಕೋಣೆಗಳ ಹರಿವನ್ನು ಮಾತ್ರ ಕೋಣೆಕೋಣೆಗೆ ನೀರು ಹಂಚುವ ಗೋಡೆಯ ಪೆಟ್ಟಿಗೆಯಲ್ಲಿ ತಗ್ಗಿಸಿ. ಅಲ್ಲಿ ಬೆರಳಿನಷ್ಟು ಎತ್ತರದ ಪಾರದರ್ಶಕ ನಳಿಗೆಗಳಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತಿದೆ ಎಂಬುದು ಕಾಣುತ್ತದೆ. ಜಮಖಾನೆಯನ್ನು ಮಾತ್ರ ದಯವಿಟ್ಟು ಸುತ್ತಿಡಿ, ಕೊಳವೆಗಳಿಗೆ ನೀವೇ ಕಂಬಳಿ ಹೊದಿಸಿದಂತಾಗಿದೆ.

ಉತ್ತರ 2

ರಾತ್ರಿ ಆರಿಸುವ ವಿಷಯವನ್ನು ಮೇಲಿನವರು ಬಿಟ್ಟಿದ್ದಾರೆ. ಕೊಳವೆಗಳನ್ನು ಮುಚ್ಚಿರುವ ಆರೇಳು ಸೆಂಟಿಮೀಟರಿನ ಗಾರೆ ಕಾಯುವುದಕ್ಕೂ ಆರುವುದಕ್ಕೂ ಗಂಟೆಗಟ್ಟಲೆ ಬೇಕು. ರಾತ್ರಿ ಉಳಿಸಿದ್ದನ್ನು, ಹೊರಗಾಳಿ ಅತಿ ತಣ್ಣಗಿರುವ ನಸುಕಿನಲ್ಲಿ, ಅಂದರೆ ಹೀಟ್ ಪಂಪಿಗೆ ಕಷ್ಟದ ಹೊತ್ತಿನಲ್ಲಿ, ನೀವು ತೀರಿಸುತ್ತಿದ್ದೀರಿ. ಇದು ಗೀಸರ್ ಅಲ್ಲ. ಬೂದಿ ಮುಚ್ಚಿದ ಕೆಂಡದಂತೆ ಸಣ್ಣಗೆ ಇಡೀ ದಿನ ಇರಲಿ.

ನಮ್ಮದು ಎಪ್ಪತ್ತರ ದಶಕದ ಮನೆ. ಇದ್ದ ಗಾರೆಯಲ್ಲೇ ಸಾಲು ಕೊರೆದು ಕೊಳವೆ ಕೂರಿಸಿದೆವು. ಮೊದಲ ಚಳಿಗಾಲದಲ್ಲಿ ಕೆಳಗಿನ ನೆಲಮಾಳಿಗೆ ವಿಚಿತ್ರವಾಗಿ ಬೆಚ್ಚಗಿತ್ತು, ಆಲೂಗಡ್ಡೆ ಮೊಳಕೆಯೊಡೆಯುತ್ತಿತ್ತು. ಶಾಖ ಕೆಳಕ್ಕೂ ಇಳಿಯುತ್ತಿದೆಯೆಂದು ತಿಳಿದದ್ದೇ ಹಾಗೆ. ನೆಲಮಾಳಿಗೆಯ ಚಾವಣಿಗೆ ಎಂಟು ಸೆಂಟಿಮೀಟರಿನ ಇನ್ಸುಲೇಶನ್ ಹಲಗೆ ಅಂಟಿಸಿದ ಮೇಲಷ್ಟೇ ನೀರನ್ನು 38ಕ್ಕೆ ಇಳಿಸಲು ಸಾಧ್ಯವಾಯಿತು. ಹೊಸ ಮನೆಯಾದ್ದರಿಂದ ನಿಮಗೆ ಈ ತಾಪತ್ರಯ ಇರಲಾರದು.

ಪ್ರಶ್ನಿಸಿದವರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹೊರಗೆ ಸೊನ್ನೆ ಡಿಗ್ರಿ ಇರುವಾಗ ನೀರು ಈಗ 33 ಡಿಗ್ರಿಯಲ್ಲಿದೆ, ಹಾಲ್ ಹಗಲೂ ರಾತ್ರಿಯೂ 21ರಲ್ಲಿ ನಿಂತಿದೆ. ಅಮ್ಮನಿಗೆ ಉಣ್ಣೆಯ ಕಾಲುಚೀಲ ತಂದುಕೊಟ್ಟೆ, ಜಮಖಾನೆ ಗೋಡೆಗೇರಿದೆ. ಬಚ್ಚಲುಮನೆ ಮಾತ್ರ ಏನು ಮಾಡಿದರೂ 21 ದಾಟುತ್ತಿಲ್ಲ.

ಉತ್ತರ 1

ಟಬ್ಬು, ಶವರ್ ಕಳೆದರೆ ಬಚ್ಚಲಿನಲ್ಲಿ ಕೊಳವೆಗೆ ಉಳಿಯುವ ನೆಲವೇ ಕಡಿಮೆ. ಅದೊಂದಕ್ಕಾಗಿ ಇಡೀ ಮನೆಯ ನೀರನ್ನು ಮತ್ತೆ ಕಾಯಿಸಬೇಡಿ. ಸ್ನಾನದ ಹೊತ್ತಿಗೆ ಮಾತ್ರ ಹಾಕಿಕೊಳ್ಳುವ ಸಣ್ಣ ವಿದ್ಯುತ್ ಹೀಟರ್ ಒಂದನ್ನು, ಬಚ್ಚಲಿಗೆಂದೇ ಮಾಡಿದ್ದನ್ನು, ಎಲೆಕ್ಟ್ರಿಷಿಯನ್ನರಿಂದ ಗೋಡೆಗೆ ಕೂರಿಸಿ.